ಅಜ್ಜಿಗೆ ಬಂದ ಹೊಸ ಹಲ್ಲು

ದೊಕ್‌ಸಿಮ್ ಅಜ್ಜಿಗೆ ಎಪ್ಪತ್ತಾರನೆಯ ವಯಸ್ಸಿನಲ್ಲಿ ಹೊಸ ಹಲ್ಲು ಹುಟ್ಟುತ್ತಿದೆ ಎಂಬ ಸುದ್ದಿಯನ್ನು ಹಾನ್ಸಾನ್ ಊರಿನ ಕೆಳಗೇರಿಗೆಲ್ಲ ಹಂಚಿದವಳು ಬಿಯಿನಮ್ಮ. ಬಿಯಿನ್ ಊರಿನಿಂದ ಸೊಸೆಯಾಗಿ ಬಂದವಳಾದ್ದರಿಂದ ಅವಳಿಗೆ ಆ ಹೆಸರು. ತವರಿನವರು ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಅವಳ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಸಂತೆ ಸೇರುತ್ತಿತ್ತು.

"ಅಕ್ಕಿಕಾಳಿನಷ್ಟು ಬಿಳೀ ಮೊನೆ ಕಣ್ರೇ, ಕಣ್ಣಾರೆ ನೋಡ್ದೆ! ಹಸುಗೂಸಿಗೆ ಬರ್ತದಲ್ಲ, ಹಂಗೇ. ಇನ್ನು ತೊಟ್ಟಿಲು ಕಟ್ಟೋದೊಂದು ಬಾಕಿ."

ಹಲ್ಲು ಬಂದ ಜಾಗವೂ ಅಂಥದ್ದೇ. ಕೆಳದವಡೆಯಲ್ಲಿ, ನಟ್ಟನಡುವೆ. ಮೊಸಿ ಸೀಳುವ ಹೆಂಗಸಿಗೆ ಅದಕ್ಕಿಂತ ಬೆಲೆಬಾಳುವ ಜಾಗ ಮೈಯಲ್ಲಿ ಇನ್ನೊಂದಿಲ್ಲ. ಮೊಸಿ ಗಿಡದ ತೊಗಟೆಯಿಂದ ತೆಗೆದ ನಾರನ್ನು ನೆನೆಸಿ, ತುದಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ, ಒಂದನ್ನು ಎರಡಾಗಿ, ಎರಡನ್ನು ನಾಲ್ಕಾಗಿ ಸೀಳುತ್ತ ಹೋಗಬೇಕು. ಕೈ ಬರೀ ಎಳೆಯುತ್ತದೆ. ಎಲ್ಲಿ ಸೀಳಬೇಕು, ಎಷ್ಟು ಸಣ್ಣಗೆ ಎಂದು ಹೇಳುವುದು ಹಲ್ಲು. ಹುಡುಗಿಯರಾಗಿದ್ದಾಗ ತುಟಿ ಬಿರಿದು ನಾಲಗೆಯಲ್ಲಿ ರಕ್ತ ಬಂದು, ಆಮೇಲೆ ತುಟಿಯ ಅಂಚು ಹಿಮ್ಮಡಿಯಂತೆ ಗಟ್ಟಿಯಾಗಿ, ಹಲ್ಲಿನಲ್ಲಿ ನೂಲಿನ ದಾರಿ ಕೊರೆದುಕೊಂಡು, ಆಗ ಒಬ್ಬಳು ಸೀಳುಗಾತಿ ತಯಾರಾಗುತ್ತಾಳೆ. ದೊಕ್‌ಸಿಮ್ ಅಜ್ಜಿ ಸೀಳಿದ ಎಳೆಯನ್ನು ಬೆಳಕಿಗೆ ಹಿಡಿದರೆ ಕೂದಲು ಒರಟು ಅನ್ನಿಸುತ್ತಿತ್ತು.

ಆ ವರ್ಷದ ಚಳಿ ಕಳೆಯುವ ಹೊತ್ತಿಗೆ ಅವಳ ಕೆಳಗಿನ ಎರಡು ಮುಂದಿನ ಹಲ್ಲು ಅಲುಗಾಡತೊಡಗಿ, ಪೇಟೆಯ ದವಾಖಾನೆಯಲ್ಲಿ ಕೀಳಿಸಿಕೊಂಡು ಬಂದಳು. ಬಿಯಿನಮ್ಮನ ಮಗ್ಗದ ಮೇಲೆ ಆಗ ಒಂದು ಥಾನು ಏರಿತ್ತು. ಹಾಸು ಪೂರ್ತಿ ದೊಕ್‌ಸಿಮ್ ಅಜ್ಜಿಯ ನೂಲು. ಹೊಕ್ಕಿನ ನೂಲೂ ಅವಳದೇ, ಆದರೆ ಅರ್ಧಕ್ಕೆ ಮುಗಿದಿತ್ತು. ಉಳಿದರ್ಧವನ್ನು ಬೇರೆಯವರು ಸೀಳಿಕೊಡಬಹುದಲ್ಲ ಎಂದರೆ, ಆಗುವುದಿಲ್ಲ. ಒಂದು ಥಾನು ಒಂದೇ ಬಾಯಿಯದಾಗಿರಬೇಕು. ಎರಡು ಬಾಯಿಯ ನೂಲು ಸೇರಿದರೆ ಬಟ್ಟೆಯಲ್ಲಿ ಪಟ್ಟೆ ಎದ್ದು ಕಾಣುತ್ತದೆ. ಬೆಳಗಿನ ಸಂತೆಯಲ್ಲಿ ವ್ಯಾಪಾರಿ ಅದನ್ನು ಬಿಚ್ಚಿ ನೋಡಿ, ಏನೂ ಅನ್ನದೆ ಮತ್ತೆ ಮಡಚಿ ಕೊಡುತ್ತಾನೆ. ಆ ಏನೂ ಅನ್ನದಿರುವುದನ್ನು ಅಜ್ಜಿ ತನ್ನ ಜೀವಮಾನದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅಂದಿನಿಂದ ಮಗ್ಗ ನಿಂತಿತ್ತು. ಅವಳ ಮನೆಯ ಮೊಸಿ ಕೋಣೆಯಲ್ಲಿ ಉಳಿದ ಸೀಳುಗಾತಿಯರು ನಾರು ಕಚ್ಚಿ ಸೀಳುತ್ತಿರುವಾಗ ಅಜ್ಜಿ ಗೋಡೆಗೊರಗಿ, ಅವರಿವರು ಸೀಳಿದ ಎಳೆಗಳನ್ನು ಮೊಣಕಾಲ ಮೇಲೆ ಹೊಸೆದು ಜೋಡಿಸುವ ಕೆಲಸ ಮಾಡುತ್ತಿದ್ದಳು. ಮೊಮ್ಮಗಳು ಬೊಮಿ ಮನೆಗೆ ಬಂದು ಬಾಗಿಲು ಸರಿಸಿದಾಗಲೆಲ್ಲ ಕಾಣುತ್ತಿದ್ದದ್ದು ಅದೇ: ತಲೆ ತಗ್ಗಿಸಿ, ಅನ್ಯರ ನೂಲು ಹೊಸೆಯುವ ಅಜ್ಜಿ.

ಬೊಮಿಗೆ ಇಪ್ಪತ್ತಾರು. ದೇಜೊನ್‌ನಲ್ಲಿ ಓದು ಮುಗಿಸಿ, ಅಪ್ಪ ಅಮ್ಮ ಅಲ್ಲೇ ಇದ್ದರೂ, ಅಜ್ಜಿಯ ಮನೆಗೆ ಬಂದುಬಿಟ್ಟಿದ್ದಳು. ಮೊಸಿ ವಸ್ತುಸಂಗ್ರಹಾಲಯದಲ್ಲಿ ಟಿಕೆಟ್ ಕೊಡುವ ಕೆಲಸ. ಗಾಜಿನ ಹಿಂದೆ ಕೂತು ಮಾಡುವ ಕೆಲಸವೆಂದೇ ಅವಳಿಗೆ ಅದು ಹಿಡಿಸಿತ್ತು. ಹೇಳಬೇಕಾದ ಮಾತು ಗಂಟಲವರೆಗೆ ಬಂದು, ಅಲ್ಲೇ ಕೂತು, ತಣ್ಣಗಾಗಿ ವಾಪಸು ಹೋಗುವುದು ಅವಳ ಹುಟ್ಟುಗುಣ. "ಈ ಹುಡುಗಿಗೆ ಬಾಯಿ ಇರೋದು ಊಟಕ್ಕೆ ಮಾತ್ರ" ಎಂದು ಬಿಯಿನಮ್ಮ ಅವಳೆದುರೇ ಹೇಳುತ್ತಿದ್ದಳು.

ಹಲ್ಲು ಕಿತ್ತ ದಿನ ಅಜ್ಜಿ, ಚಿಕ್ಕ ಮಕ್ಕಳು ಮಾಡುವಂತೆ, ಎರಡನ್ನೂ ಮನೆಯ ಮಾಡಿನ ಮೇಲೆ ಎಸೆದಿದ್ದಳು. ಕಾಚಿ ಹಕ್ಕಿ ಹಳೆಯದನ್ನು ಒಯ್ದು ಹೊಸದನ್ನು ತಂದುಕೊಡಲಿ ಎಂದು. ಬರೀ ತಮಾಷೆಗೆ. ಗದ್ದೆ ನಾಟಿ ಮುಗಿಯುವ ಹೊತ್ತಿಗೆ ಹಲ್ಲು ಕಿತ್ತ ಗುಂಡಿಯೊಂದರಲ್ಲಿ ಬಿಳಿಯ ಮೊನೆ ಕಂಡಾಗ ಮಾತ್ರ ಯಾರಿಗೂ ಅದು ತಮಾಷೆಯಾಗಿ ಉಳಿಯಲಿಲ್ಲ. ಬಿಯಿನಮ್ಮ ಕೆಂಪು ಅವರೆಯ ಕಡುಬು ಬೇಯಿಸಿ ಬೀದಿಗೆಲ್ಲ ಬೀರಿದಳು. ಮೊಸಿ ಕೋಣೆಯ ಇನ್ನೊಬ್ಬ ಸೀಳುಗಾತಿ, ಕಿವಿ ಮಂದವಾದ ಹ್ವಾಯಾಂಗಮ್ಮ, ಬೆರಳು ಒದ್ದೆ ಮಾಡಿಕೊಂಡು ಆ ಮೊನೆಯನ್ನು ಮುಟ್ಟಿ, "ಗಟ್ಟಿಯಾಗೈತೆ! ಹಲ್ಲೇ ಸೈ!" ಎಂದು ತೀರ್ಪು ಕೊಟ್ಟಳು. ನೋವಿದೆಯೇ ಎಂದು ಬೊಮಿ ಕೇಳಿದ್ದಕ್ಕೆ ಅಜ್ಜಿ, "ಹಲ್ಲು ಬರೋವಾಗ ಮಗು ಒಂದಿಷ್ಟು ಕಿರಿಕಿರಿ ಮಾಡಲ್ವಾ?" ಎಂದಳು. ನೋವಿದೆ ಎಂದೂ ಆಯಿತು, ಇಲ್ಲವೆಂದೂ ಆಯಿತು. ನೆಟ್ಟಗೆ ಮಾತಾಡುವುದು ಆ ಸೀಮೆಯವರಿಗೆ ಒರಟುತನ.

ಒಂದು ಹಲ್ಲು ತಾನಾಗಿ ಬಂತು. ಪಕ್ಕದ ಗುಂಡಿ ಖಾಲಿ. ಅದಕ್ಕೊಂದು ಇಂಪ್ಲಾಂಟ್ ಹಾಕಿಸಿದರೆ ಮುಗಿಯಿತಲ್ಲ ಎಂದು ಹೊಳೆದದ್ದು ಬೊಮಿಗೆ. ಊರಲ್ಲಿ ಅಪ್ಪ ಅಮ್ಮನಿಗೆ ಇಂಪ್ಲಾಂಟ್ ಹಾಕಿಸದ ಮಕ್ಕಳೇ ಇರಲಿಲ್ಲ. ನದಿಯಾಚೆಯ ಗುನ್ಸಾನಿನ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಸಮಯ ಗೊತ್ತುಮಾಡಿ, ರಜೆ ಹಾಕಿ, ಅಜ್ಜಿಯನ್ನು ಬಸ್ಸಿನ ಕಿಟಕಿಯ ಪಕ್ಕ ಕೂರಿಸಿಕೊಂಡು ಹೊರಟಳು. ಅಜ್ಜಿ ಹಬ್ಬದ ತಿಳಿ ಬೂದು ಅಂಗಿ ತೊಟ್ಟಿದ್ದಳು. ದಾರಿಯುದ್ದಕ್ಕೂ ನಾಲಗೆಯ ತುದಿಯಿಂದ ಹೊಸ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಇದು ಪೂರ್ತಿ ಮೇಲೆ ಬರೋದಕ್ಕೆ ಎಷ್ಟು ದಿನ ಬೇಕಾಗ್ಬೋದು?"

"ಡಾಕ್ಟರನ್ನೇ ಕೇಳೋಣ ಅಜ್ಜಿ."

"ಸುಗ್ಗಿ ಒಳಗೆ ಬಂದ್ರೆ ಸಾಕು. ಬಿಯಿನಮ್ಮನ ಮಗ್ಗಕ್ಕೆ ಜೇಡ ಬಲೆ ಕಟ್ತಾ ಐತೆ."

ಆಸ್ಪತ್ರೆಯಲ್ಲಿ ಮೊದಲು ಸಿಕ್ಕಿದ್ದು ಡಾಕ್ಟರಲ್ಲ, ಸಲಹೆ ಕೊಡುವ ಮೇಡಂ. ಗಾಜಿನ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ದವಡೆಯೊಂದನ್ನು ಇಟ್ಟುಕೊಂಡು, ಅದರ ಹಲ್ಲನ್ನು ಗೊಂಬೆಯ ಅಂಗಿಯಂತೆ ತೆಗೆದು ಹಾಕಿ ತೋರಿಸಿದಳು. ಮೂಳೆಯೊಳಗೆ ತಿರುಪು ಕೂರಿಸುತ್ತಾರೆ, ಮೂಳೆ ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಮೇಲೆ ಹಲ್ಲು ಕೂರಿಸುತ್ತಾರೆ. "ಬಿಪಿ, ಸಕ್ಕರೆ ಕಾಯಿಲೆ? ದಿನಾ ತಗೊಳ್ಳೋ ಮಾತ್ರೆ ಏನಾದ್ರೂ?"

"ಬೆಳಿಗ್ಗೆ ಒಂದು ಬಿಪಿ ಮಾತ್ರೆ. ಅದೂ ಕಾಳಿನಷ್ಟು."

"ಅಷ್ಟೇನಾ ಅಮ್ಮ? ನಿಮ್ಮ ಆರೋಗ್ಯ ನೋಡಿದ್ರೆ ನನಗೇ ಹೊಟ್ಟೆಕಿಚ್ಚು."

ಅಜ್ಜಿಗೆ ಖುಷಿಯಾಯಿತು. ಬೊಮಿಗೂ ಆಯಿತು. ಎಕ್ಸ್‌ರೇ ತೆಗೆದು ಇಬ್ಬರನ್ನೂ ಒಳಗೆ ಕಳಿಸಿದರು.

ಡಾಕ್ಟರ್ ಮೇಂಗ್ ಐವತ್ತರ ಆಸುಪಾಸಿನವನು, ಮೆಲುದನಿಯ ಮನುಷ್ಯ. ಅಜ್ಜಿ ಕುರ್ಚಿಯಲ್ಲಿ ಒರಗುವ ಮೊದಲೇ ತನ್ನ ಪ್ರಶ್ನೆ ಮುಂದಿಟ್ಟಳು.

"ಡಾಕ್ಟ್ರೇ, ನೀವು ಹಾಕೋ ಹಲ್ಲಿಗೆ ನೂಲು ಗೊತ್ತಾಗ್ತದಾ?"

"ನೂಲಾ?"

"ಮೊಸಿ ಸೀಳೋಳು ನಾನು. ನಮ್ಮ ನೂಲು ಕಣ್ಣಿಗೆ ಕಾಣಲ್ಲ, ಹಲ್ಲಿಗೆ ಕಾಣ್ತದೆ."

ಡಾಕ್ಟರ್ ಕುರ್ಚಿ ಎಳೆದುಕೊಂಡು ಎದುರು ಕೂತ. "ಅಮ್ಮ, ಸ್ವಂತ ಹಲ್ಲಿನ ಬೇರಿನ ಸುತ್ತ ಒಂದು ತೆಳು ಪದರ ಇರುತ್ತೆ, ಮೆತ್ತೆ ಥರ. ಕೂದಲು ಕಚ್ಚಿದ್ರೂ ನಿಮಗೆ ಗೊತ್ತಾಗೋದು ಆ ಮೆತ್ತೆಯಿಂದ. ಇಂಪ್ಲಾಂಟ್ ನೇರವಾಗಿ ಮೂಳೆಗೆ ಅಂಟಿಕೊಂಡಿರುತ್ತೆ. ಅದಕ್ಕೆ ಮೆತ್ತೆ ಇಲ್ಲ. ಊಟಕ್ಕೆ ಗಟ್ಟಿ. ಮೂಲಂಗಿ ಕಿಮ್ಚಿ ಕಟಕಟ ಅಂತ ತಿನ್ನಬಹುದು. ಆದ್ರೆ ನೂಲು... ನಾನು ಸುಳ್ಳು ಹೇಳಲ್ಲ."

"ಅಂದ್ರೆ ಕುರುಡು ಹಲ್ಲು."

"ಹಂಗೇ ಅಂದ್ಕೊಳ್ಳಿ."

ಬೊಮಿ ಅಜ್ಜಿಯ ಮುಖ ನೋಡಿದಳು. ಕೆನ್ನೆ ಒಂದು ಕ್ಷಣ ಕುಸಿಯಿತು. ಆದರೆ ಮರುಕ್ಷಣವೇ ಅಜ್ಜಿ, ಸಂತೆಯಲ್ಲಿ ಕೊನೆಯ ಥಾನನ್ನು ಚೀಲದಿಂದ ತೆಗೆಯುವವಳ ಹಾಗೆ, ನಕ್ಕಳು.

"ಹೋಗ್ಲಿ ಬಿಡಿ. ಕುರುಡಂದು ಪಕ್ಕಕ್ಕಿರಲಿ. ಕಣ್ಣಿರೋದು ಒಂದು ತಾನಾಗೇ ಬರ್ತಾ ಐತೆ. ನೋಡಿ." ಎಂದು ಒರಗಿ ಬಾಯಿ ತೆರೆದಳು.

ದೀಪ ಹತ್ತಿತು. ಡಾಕ್ಟರ್ ಬಾಗಿ ನೋಡಿದ. ಸಣ್ಣ ಕನ್ನಡಿಯನ್ನು ಒಮ್ಮೆ ಹೊರಗೆ ತೆಗೆದು ಒರೆಸಿ ಮತ್ತೆ ನೋಡಿದ. ಉಕ್ಕಿನ ಕಡ್ಡಿಯಿಂದ ಆ ಬಿಳಿಯ ಮೊನೆಯನ್ನು ಮೆಲ್ಲಗೆ ತಟ್ಟಿದ. ಟಿಕ್ ಎಂದಿತು. ಪಕ್ಕದಲ್ಲಿ ನಿಂತಿದ್ದ ನರ್ಸು ಡಾಕ್ಟರನ ಮುಖ ನೋಡಿದಳು. ಆ ಕೋಣೆಯಲ್ಲಿ ಏನೋ ಬದಲಾಯಿತು.

"ನೋವಾಗುತ್ತಾ ಅಮ್ಮ?"

ಅಜ್ಜಿ ಬಾಯಿ ತೆರೆದುಕೊಂಡೇ ಇಲ್ಲವೆಂದು ತಲೆಯಾಡಿಸಿದಳು.

ಡಾಕ್ಟರ್ ಎಕ್ಸ್‌ರೇ ಇದ್ದ ಪರದೆಯ ಕಡೆ ತಿರುಗಿದ. ಬೊಮಿಯೂ ನೋಡಿದಳು. ಅವಳಿಗೆ ಕಂಡದ್ದು ಇಷ್ಟೆ: ಬೂದುಬಣ್ಣದ ದವಡೆ, ಅದರ ನಡುವೆ ಹೊಗೆ ಹಿಡಿದ ಗಾಜಿನಂಥ ಒಂದು ಮಬ್ಬು ಕಲೆ. ಮೇಲೆ ಬರುತ್ತಿರುವ ಹಲ್ಲೊಂದಕ್ಕೆ ಬೇರು ಇರಬೇಕಲ್ಲ ಎಂದು ಅವಳು ಹುಡುಕಿದಳು. ಬೇರು ಎಲ್ಲೂ ಇರಲಿಲ್ಲ.

"ಅಮ್ಮ, ಮೂಳೆ ಸವೆತಕ್ಕೆ ಏನಾದ್ರೂ ಔಷಧಿ ತಗೋತೀರಾ?"

"ಇಲ್ಲಪ್ಪ. ಬಿಪಿ ಮಾತ್ರೆ ಒಂದೇ."

"ಮಾತ್ರೆ ಅಲ್ಲ. ಇಂಜೆಕ್ಷನ್ನು? ಇಲ್ಲ, ಕೈಗೆ ಬಾಟಲಿ ಏರಿಸೋದು? ವರ್ಷಕ್ಕೊಂದ್ಸಲ?"

"ಓ, ಗ್ಲೂಕೋಸಾ!" ಅಜ್ಜಿ ಎದ್ದು ಕೂತಳು. "ಅದು ಔಷಧಿ ಅಲ್ಲ ಡಾಕ್ಟ್ರೇ, ಅದು ಶಕ್ತಿಗೆ. ಹುಣ್ಣಿಮೆ ಹಬ್ಬ ಮುಗಿದ ಮೇಲೆ ನಾವು ಹೆಂಗಸ್ರು ಎಲ್ಲಾ ವ್ಯಾನು ಮಾಡ್ಕೊಂಡು ಹೋಗ್ತೀವಿ. ಮೂಳೆ ಡಾಕ್ಟ್ರ ಹತ್ರ. ಬೆಚ್ಚಗೆ ಮಲಗಿಸಿ ಒಂದು ಬಾಟ್ಲಿ ಏರಿಸ್ತಾರೆ. ಅದು ಹಾಕಿಸ್ಕೊಂಡ್ರೆ ಬಿದ್ರೂ ಮೂಳೆ ಮುರಿಯಲ್ವಂತೆ. ಆಮೇಲೆ ಬರೋ ದಾರೀಲಿ ಸೇವಿಗೆ ತಿಂದು ಬರ್ತೀವಿ."

"ಎಷ್ಟು ವರ್ಷದಿಂದ?"

"ನಾನು ಜಾರಿಬಿದ್ದೆನಲ್ಲ, ಆ ವರ್ಷದಿಂದ. ಬೊಮಿ, ನೀನಾಗ ಇನ್ನೂ ಹೈಸ್ಕೂಲು."

ಡಾಕ್ಟರ್ ಮುಖಗವಸನ್ನು ಗದ್ದಕ್ಕೆ ಇಳಿಸಿದ. ಮುಖ ತೋರಿಸಿಯೇ ಹೇಳಬೇಕಾದ ಮಾತು ಅದೆಂದು ಬೊಮಿಗೆ ಆಗ ಗೊತ್ತಾಯಿತು.

"ಅಮ್ಮ, ಅದು ಹಲ್ಲಲ್ಲ."

ಅಜ್ಜಿ ನಗುತ್ತಲೇ ಇದ್ದಳು. "ಮತ್ತೇನು?"

"ಮೂಳೆ. ನಿಮ್ಮ ದವಡೆ ಮೂಳೆ. ಹಲ್ಲು ಕಿತ್ತ ಗಾಯ ಮುಚ್ಚಲೇ ಇಲ್ಲ. ಮೇಲಿನ ವಸಡು ಹಿಂದೆ ಸರಿದು ಒಳಗಿನ ಮೂಳೆ ಹೊರಗೆ ಬಂದಿದೆ. ಅಷ್ಟು ಭಾಗಕ್ಕೆ ಜೀವ ಇಲ್ಲ."

ಬೊಮಿಗೆ ಕೇಳಿಸಿತು, ಆದರೆ ಒಳಗಿಳಿಯಲಿಲ್ಲ. ಕಣ್ಣ ಮುಂದೆ ಬಂದದ್ದು ಬಿಯಿನಮ್ಮನ ಕಡುಬು. ಕೆಂಪು ಅವರೆ, ಬಿಸಿ ಆವಿ, ತಟ್ಟೆಯ ಮೇಲೆ ಮುಚ್ಚಿದ ಬಿಳಿ ಬಟ್ಟೆ. ತಾನೂ ಎರಡು ತಿಂದಿದ್ದಳು. ತಿಂಗಳಿಡೀ ಅಜ್ಜಿ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಹಿಡಿದು, "ಇವತ್ತು ಇನ್ನೊಂಚೂರು ಬೆಳೆದೈತೆ" ಎನ್ನುತ್ತಿದ್ದಳು. ತಾನೂ ಇಣುಕಿ ನೋಡಿ, "ಹೂಂ, ಬೆಳೆದಿದೆ" ಎಂದಿದ್ದಳು. ಬೆಳೆದದ್ದು ಏನು?

"ಆ ಬಾಟಲಿ ಒಳ್ಳೇದೇ," ಡಾಕ್ಟರ್ ಬೊಮಿಯ ಕಡೆಗೂ ನೋಡುತ್ತ ಹೇಳುತ್ತಿದ್ದ. "ಸೊಂಟದ ಮೂಳೆ, ಬೆನ್ನುಮೂಳೆ ಮುರಿಯದ ಹಾಗೆ ಕಾಯುತ್ತೆ. ಸಾವಿರಾರು ಜನ ಹಾಕಿಸ್ಕೋತಾರೆ, ಅವರಿಗೆ ಏನೂ ಆಗಲ್ಲ. ಆದ್ರೆ ಅದು ಹಳೇ ಮೂಳೆ ಹೋಗಿ ಹೊಸದು ಬರೋದನ್ನ ನಿಧಾನ ಮಾಡುತ್ತೆ. ಹಲ್ಲು ಕಿತ್ತ ಜಾಗದಲ್ಲಿ ಹೊಸ ಮೂಳೆ ಬರಲೇಬೇಕಲ್ಲ? ಅಪರೂಪಕ್ಕೆ ಕೆಲವರಿಗೆ ಬರಲ್ಲ. ಕೀಳೋ ಮೊದ್ಲು ಈ ವಿಷಯ ಹೇಳಿದ್ರಾ?"

"ಅವರು ಕೇಳಲಿಲ್ಲ," ಎಂದಳು ಅಜ್ಜಿ. ಆಮೇಲೆ, ಸಣ್ಣ ದನಿಯಲ್ಲಿ, "ಕೇಳಿದ್ರೂ ಗ್ಲೂಕೋಸು ಅಂತ ಯಾರು ಹೇಳ್ತಾರೆ?"

ಅಜ್ಜಿಯ ನಾಲಗೆ ಅಭ್ಯಾಸದಂತೆ ಆ ಮೊನೆಯ ಕಡೆಗೆ ಹೋಯಿತು. ಬೊಮಿಗೆ ಅದು ಕೆನ್ನೆಯ ಚಲನೆಯಿಂದಲೇ ತಿಳಿಯಿತು. ಹೋದದ್ದು ಸುಟ್ಟುಕೊಂಡ ಹಾಗೆ ಹಿಂದಕ್ಕೆ ಬಂತು. ಬಸ್ಸಿನಲ್ಲಿ ದಾರಿಯುದ್ದ ಮುದ್ದಿಸಿದ್ದು ತನ್ನದೇ ಸತ್ತ ಮೂಳೆಯನ್ನು ಎಂಬುದು ಅಜ್ಜಿಗೆ ತಿಳಿದ ಗಳಿಗೆ ಅದು. ಅವಳ ಎರಡೂ ಕೈ ಬಾಯಿಯ ಮೇಲೆ ಬಂದವು.

ಇಂಪ್ಲಾಂಟಿನ ಮಾತು ಅಲ್ಲಿಗೆ ಮುಗಿಯಿತು. ಇಂಥ ದವಡೆಗೆ ತಿರುಪು ಕೊರೆದರೆ ಪಕ್ಕದ ಮೂಳೆಯೂ ಹೋದೀತು ಎಂದ ಡಾಕ್ಟರ್. ಸದ್ಯ ಔಷಧಿಯ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು, ಗುನ್ಸಾನಿನ ದೊಡ್ಡಾಸ್ಪತ್ರೆಗೆ ತೋರಿಸಬೇಕು, ಸತ್ತ ಚೂರು ತಾನಾಗಿ ಬೇರೆಯಾಗುವವರೆಗೆ ಕಾಯಬೇಕು. ಮುಂದಿನ ಬಾಟಲಿಯ ವಿಷಯವನ್ನು ಮೂಳೆ ಡಾಕ್ಟರ ಜೊತೆ ತಾನೇ ಮಾತಾಡುತ್ತೇನೆ, ನೀವಾಗಿ ಏನೂ ನಿಲ್ಲಿಸಬೇಡಿ ಎಂದ. ಬೇರೆ ಯಾವ ಹಲ್ಲನ್ನೂ ಯಾರೂ ಕೀಳಬಾರದು ಎಂದ.

"ವಾಸಿಯಾದ ಮೇಲೆ?" ಅಜ್ಜಿ ಕೈಯ ಸಂದಿಯಿಂದ ಕೇಳಿದಳು. "ಕುರುಡಾದ್ರೂ ಪರವಾಗಿಲ್ಲ. ಒಂದು ಹಾಕಿ. ನಾನು ಕಲಿಸ್ಕೋತೀನಿ ಅದಕ್ಕೆ."

"ತಿರುಪು ನಾನು ಹಾಕಲ್ಲ ಅಮ್ಮ. ವಾಸಿಯಾದ್ರೆ ತೆಗೆದು ಹಾಕೋ ಹಲ್ಲು ಮಾಡಿಕೊಡ್ತೀನಿ, ಊಟಕ್ಕೆ. ಆದ್ರೆ ನಾರು ಕಚ್ಚಿ ಎಳೆಯೋದು ಇನ್ನು ಬೇಡ. ಒಂದ್ಸಲಾನೂ ಬೇಡ. ಉಳಿದ ಹಲ್ಲು ಅಲುಗಾಡಿದ್ರೆ ಅದರ ಕೆಳಗೂ ಇದೇ ಆಗಬಹುದು."

ಬಸ್ಸು ಹತ್ತಿದರು. ನದಿ ದಾಟಿದರು. ಬೊಮಿ ಅಜ್ಜಿಯ ಕೈ ಹಿಡಿಯಬೇಕೆಂದುಕೊಂಡಳು, ಹಿಡಿಯಲಿಲ್ಲ. ಅದು ಇನ್ನೂ ಬಾಯಿಯ ಮೇಲೇ ಇತ್ತು.

ಮನೆಯ ಮೊಸಿ ಕೋಣೆಯಲ್ಲಿ ಬಿಯಿನಮ್ಮ, ಹ್ವಾಯಾಂಗಮ್ಮ ಇಬ್ಬರೂ ಕಾಯುತ್ತ ಕೂತಿದ್ದರು. ಒಣಗಾಳಿ ತಾಗಿದರೆ ನಾರು ಮುರಿಯುತ್ತದೆಂದು ಬೇಸಗೆಯಲ್ಲೂ ಬಾಗಿಲು ಮುಚ್ಚಿ, ಒದ್ದೆ ಬಟ್ಟೆ ಹರಡಿ, ಬೆವರುತ್ತ ಕೂರುವ ಕೋಣೆ ಅದು. ಬಿಯಿನಮ್ಮ ಅಜ್ಜಿಗೆಂದು ಮೆತ್ತಗೆ ಬೇಯಿಸಿದ ಸೇವಿಗೆ ತಂದು ಮುಚ್ಚಿಟ್ಟಿದ್ದಳು.

"ಏನಂದ ಅಕ್ಕ, ಡಾಕ್ಟ್ರು?"

"ಏನಂತಾನೆ. ಒಳ್ಳೇ ಮನುಷ್ಯ. ಮೆಲ್ಲಗೆ ಮಾತಾಡ್ತಾನೆ."

"ಹಲ್ಲು ನೋಡಿದ್ನಾ?"

"ನೋಡ್ದೆ ಇರ್ತಾನಾ? ದೀಪ ಹಾಕ್ಕೊಂಡು ನೋಡಿದ."

"ನೋಡಿ ಬೆರಗಾದ ಅನ್ನು!"

"ಆದ," ಎಂದಳು ಅಜ್ಜಿ.

ಬಿಯಿನಮ್ಮ ತೊಡೆ ತಟ್ಟಿ ನಕ್ಕಳು. "ನಂದೂ ಒಂದು ದವಡೆ ಹಲ್ಲು ಅಲ್ಲಾಡ್ತಾ ಐತೆ. ನಾಳೆ ಬೆಳಿಗ್ಗೆ ಪೇಟೇಲಿ ಕೀಳಿಸ್ಕೊಂಡು ಬರ್ತೀನಿ. ಮಾಡಿನ ಮೇಲೆ ಎಸೆದ್ರೆ ಆಯ್ತು. ಅಕ್ಕಂಗೆ ಕೊಟ್ಟ ಹಕ್ಕಿ ನಂಗೆ ಕೊಡಲ್ವಾ?"

ವ್ಯಾನಿನಲ್ಲಿ ಅಜ್ಜಿಯ ಪಕ್ಕ ಕೂತು ಪ್ರತಿ ವರ್ಷ ಬಾಟಲಿ ಏರಿಸಿಕೊಂಡು ಬಂದವಳು ಇದೇ ಬಿಯಿನಮ್ಮ. ಬೊಮಿ ಅಜ್ಜಿಯ ಕಡೆ ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ. ಅಜ್ಜಿ ತಲೆ ತಗ್ಗಿಸಿ ನೀರಿನ ಬೋಗುಣಿಯ ಕಡೆ ಸರಿದಳು. ಅಲ್ಲಿ ನೆನೆದು ಬಿದ್ದಿದ್ದ ನಾರಿನಲ್ಲಿ ಒಂದನ್ನು ಆರಿಸಿದಳು, ಎರಡು ಬೆರಳಿಂದ ನೀರು ಸೋಸಿದಳು, ತುದಿಯನ್ನು ಬಾಯಿಗೆತ್ತಿದಳು. ಎಂದಿನಂತೆ. ಏನೂ ಆಗಿಲ್ಲವೆಂಬಂತೆ.

"ಬೇಡ!"

ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಕೂಗಿದ್ದು ತಾನೇ ಎಂದು ಬೊಮಿಗೆ ತಿಳಿದದ್ದು ಅವರೆಲ್ಲ ತನ್ನನ್ನು ನೋಡಿದಾಗ. ಮಾತು ಗಂಟಲಲ್ಲಿ ಕೂರಲಿಲ್ಲ, ತಣ್ಣಗಾಗಲಿಲ್ಲ. ಒಂದರ ಮೇಲೊಂದು ಬಿದ್ದು ಬಂತು. "ಅಜ್ಜಿ, ಕಚ್ಚಬೇಡ. ಬಿಯಿನಮ್ಮ, ನೀವು ನಾಳೆ ಹೋಗಬೇಡಿ. ಹಲ್ಲು ಕೀಳಿಸಬೇಡಿ. ಮೊದ್ಲು ಗ್ಲೂಕೋಸಿನ ವಿಷಯ ಡಾಕ್ಟರಿಗೆ ಹೇಳಬೇಕು. ಅದು ಗ್ಲೂಕೋಸಲ್ಲ, ಮೂಳೆಯ ಔಷಧಿ. ಅದು ಮೈಯಲ್ಲಿರೋವಾಗ ಕೇಳದೆ ಹಲ್ಲು ಕಿತ್ರೆ..."

"ಏನೇ ಹುಡುಗಿ, ಕೈಗೆ ಏರಿಸೋ ಬಾಟ್ಲಿಗೂ ಬಾಯಲ್ಲಿರೋ ಹಲ್ಲಿಗೂ ಎಲ್ಲಿಂದೆಲ್ಲಿಗೆ? ನಿಮ್ಮಜ್ಜಿಗೆ ಕಿತ್ತ ಮೇಲೆ ಹೊಸದೇ ಬರಲಿಲ್ವಾ?"

"ಅದು ಹಲ್ಲಲ್ಲ!"

ಬಿಯಿನಮ್ಮ ಬೊಮಿಯನ್ನು ಬಿಟ್ಟು ಅಜ್ಜಿಯನ್ನು ನೋಡಿದಳು. ನಾರಿನ ತುದಿ ಇನ್ನೂ ಅಜ್ಜಿಯ ತುಟಿಯಿಂದ ಗೇಣು ದೂರದಲ್ಲಿತ್ತು.

"ಅಕ್ಕ?"

ಅಜ್ಜಿ ನಾರನ್ನು ಬೋಗುಣಿಗೆ ಬಿಟ್ಟಳು.

"ಮೂಳೆ ಕಣೇ," ಎಂದಳು. "ನಂದೇ."

ಬಿಯಿನಮ್ಮನ ಕೈ ಮೆಲ್ಲಗೆ ತನ್ನ ಕೆನ್ನೆಗೆ, ಅಲುಗಾಡುವ ಹಲ್ಲಿನ ಮೇಲಕ್ಕೆ ಹೋಯಿತು. ಎಂದೂ ಮಾತಿಗೆ ತಡಕಾಡದವಳು ತಡಕಾಡಿದಳು.

"ನಾವು... ನಾವು ಮೂಳೆಗೆ ಕಡುಬು ಬೀರಿದ್ವಾ?"

"ಏನಂತೆ?" ಹ್ವಾಯಾಂಗಮ್ಮ ಕಿವಿಗೆ ಅಂಗೈ ಹಿಡಿದು ಎಲ್ಲರನ್ನೂ ನೋಡಿದಳು. "ಹಲ್ಲಿಗೆ ಏನಂತೆ?" ಅವಳಿಗೆ ಕೇಳಿಸಬೇಕಾದರೆ ಕೂಗಬೇಕು. ಅದನ್ನು ಕೂಗಿ ಹೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಅಜ್ಜಿ ಎದ್ದು ಬೊಮಿಯ ಕೈಯಿಂದ ಮೊಬೈಲ್ ತೆಗೆದುಕೊಂಡಳು. "ಇದ್ರ ಬೆಳಕು ಹಾಕು." ಬೊಮಿ ಹಾಕಿಕೊಟ್ಟಳು. ಅಜ್ಜಿ ಬಿಯಿನಮ್ಮನ ಗದ್ದ ಹಿಡಿದೆತ್ತಿದಳು.

"ಬಾಯಿ ತೆಗಿ."

"ಅಕ್ಕ, ನಂಗೆ..."

"ತೆಗಿ ಅಂ‌ದೆ. ಅಲ್ಲಾಡೋದು ಯಾವುದು? ಇದಾ? ಸುತ್ತ ಬಿಳೀದೇನೂ ಇಲ್ಲ. ಕೆಂಪಗೈತೆ, ಅಷ್ಟೇ. ನಾಳೆ ಈ ಹುಡುಗಿ ಜೊತೆ ಗುನ್ಸಾನಿಗೆ ಹೋಗು. ಅವನಿಗೆ ತೋರಿಸು. ಅವನು ಕೇಳೋದಕ್ಕೆ ಮೊದ್ಲೇ ಬಾಟ್ಲಿ ಅನ್ನು." ಆಮೇಲೆ ಹ್ವಾಯಾಂಗಮ್ಮನ ಎದುರು ಕೂತು, ಅವಳ ಬಾಯನ್ನೂ ತೆರೆಸಿದಳು. ಹ್ವಾಯಾಂಗಮ್ಮ ಏನೂ ತಿಳಿಯದೆ, ಗಾಬರಿಯ ಕಣ್ಣಿಂದ ಬೊಮಿಯನ್ನು ನೋಡುತ್ತ, ಬಾಯಿ ಅಗಲಿಸಿಕೊಂಡು ಕೂತಳು.

ಸೇವಿಗೆ ತಣ್ಣಗಾಗಿತ್ತು. ಯಾರೂ ಮುಟ್ಟಲಿಲ್ಲ. ಅಜ್ಜಿ ಮೊಬೈಲನ್ನು ಬೊಮಿಗೆ ಕೊಟ್ಟು, "ನಡಿ ನಿನ್ನ ಮನೆಗೆ," ಎಂದಳು ಬಿಯಿನಮ್ಮನಿಗೆ. "ಮಗ್ಗ ನೋಡ್ಬೇಕು."

ಬಿಯಿನಮ್ಮನ ಮಗ್ಗ ನೆಲಕ್ಕಿಂತ ತಗ್ಗಾದ ಕೋಣೆಯಲ್ಲಿತ್ತು. ಅರ್ಧ ನೇಯ್ದ ಬಟ್ಟೆ, ಅದರಾಚೆ ಬಿಗಿಯಾಗಿ ಚಾಚಿದ ಬರೀ ಹಾಸು. ಅಜ್ಜಿ ಬಟ್ಟೆಯ ಮೇಲೆ ಅಂಗೈ ಸವರಿದಳು. ನೇಯ್ಗೆ ನಿಂತ ಅಂಚಿಗೆ ಬಂದು ಕೈ ನಿಂತಿತು.

"ಕತ್ತರಿಸು."

"ಏನು?"

"ಇಲ್ಲಿಗೆ ಕತ್ತರಿಸು."

"ಹುಚ್ಚು ಹಿಡೀತಾ ಅಕ್ಕ? ಅರ್ಧ ಥಾನು ಯಾರಿಗೆ ಬೇಕು? ಇರ್ಲಿ ಬಿಡು. ಮಗ್ಗಕ್ಕೇನು ಹೊಟ್ಟೆ ಹಸೀತದಾ? ನಿಂಗೆ ವಾಸಿಯಾಗ್ಲಿ, ಆಮೇಲೆ..."

"ವಾಸಿ ಆದ್ರೂ ಆಗಲ್ಲ."

"ನಾನೇ ಸೀಳಿ ತುಂಬಿಸ್ತೀನಿ. ಪಟ್ಟೆ ಬಂದ್ರೆ ಬರ್ಲಿ!"

"ನಿನ್ನ ಬಾಯಿಗೆ ಅದನ್ನ ತರಬೇಡ," ಎಂದಳು ಅಜ್ಜಿ. ದನಿ ಗಡುಸಾಗಿತ್ತು. "ಅಲ್ಲಾಡೋ ಹಲ್ಲಿಟ್ಕೊಂಡು ನಂಗೋಸ್ಕರ ನಾರು ಕಚ್ತೀಯಾ? ಕತ್ತರಿ ಎಲ್ಲಿ?"

ಬಿಯಿನಮ್ಮ ಕತ್ತರಿ ಕೊಡಲಿಲ್ಲ. ಅದು ಎಲ್ಲಿದೆಯೆಂದು ಎಲ್ಲರಿಗೂ ಕಾಣುತ್ತಿತ್ತು, ಮಗ್ಗದ ಅಡ್ಡಮರದ ಮೇಲೆ. ಅವಳು ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಕೊನೆಗೆ ಅಜ್ಜಿಯೇ ಕೈ ಚಾಚಿ ತೆಗೆದುಕೊಂಡಳು. ಹಾಸಿನ ಎಳೆಗಳು ಒಂದೊಂದಾಗಿ ಅಲ್ಲ, ಹಿಂಡುಹಿಂಡಾಗಿ ತುಂಡಾದವು. ಪ್ರತಿ ಸಲವೂ ಬಿಗಿದ ನೂಲು ಸಡಿಲಾಗಿ ಹಿಂದಕ್ಕೆ ಹಾರುವ ಸದ್ದು. ಬೊಮಿ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಬಿಡಲು ಹೇಳುವವರೆಗೆ ಬಿಡಬಾರದೆಂದು ಗೊತ್ತಿತ್ತು, ಬೇರೇನೂ ಗೊತ್ತಿರಲಿಲ್ಲ.

ಹ್ವಾಯಾಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಕತ್ತರಿಸಿದ ಹಾಸನ್ನು ನೋಡಿದಳು. "ಏನಾಯ್ತು?" ಎಂದು ಮತ್ತೆ ಕೇಳಿದಳು. "ಯಾರಾದ್ರೂ ಹೇಳ್ರೇ, ಏನಾಯ್ತು?"

ಅಜ್ಜಿ ಕತ್ತರಿ ಕೆಳಗಿಟ್ಟು ತಿರುಗಿದಳು. ಜೀವಮಾನವಿಡೀ ಯಾವ ಮಾತನ್ನೂ ನೆಟ್ಟಗೆ ಆಡದವಳು, ಕಿವುಡಿಗೂ ಬೀದಿಗೂ ಕೇಳಿಸುವ ಹಾಗೆ, ನೆಟ್ಟಗೆ ಹೇಳಿದಳು:

"ನನ್ನ ಬಾಯಿ ಕೆಲಸ ಇಲ್ಲಿಗೆ ಮುಗೀತು!"

ಹ್ವಾಯಾಂಗಮ್ಮನಿಗೆ ಕೇಳಿಸಿತು. ಅವಳು ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತಳು.